ಹಕ್ಕು ಸಿಕ್ಕಿದೆ, ಗಡುವು ಎಲ್ಲಿ?

ಹವಾಮಾನ ನೀತಿ ರೂಪಿಸುವುದು ಸರ್ಕಾರದ ಕೆಲಸ, ಅದರಲ್ಲಿ ಕೋರ್ಟಿಗೇನು ಕೆಲಸ ಎಂದು ಕೇಳುವವರಿದ್ದಾರೆ. ದೆಹಲಿಯಲ್ಲಿ ದುಡಿಯುವ ನಮಗೆ ಇದಕ್ಕೆ ಉತ್ತರ ರಸ್ತೆಯಲ್ಲೇ ಸಿಗುತ್ತದೆ. ಇಲ್ಲಿನ ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದದ್ದು ಸರ್ಕಾರಕ್ಕೆ ತಾನಾಗಿಯೇ ಬುದ್ಧಿ ಬಂದು ಅಲ್ಲ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1998ರಲ್ಲೇ ಆದೇಶ ಕೊಟ್ಟು, 2001ರ ಮಾರ್ಚ್ 31ರ ಗಡುವು ಹಾಕಿತು. ಗಡುವು ಮೀರಿತು, ನೆಪಗಳು ಬಂದವು, ಕೋರ್ಟ್ ಪಟ್ಟು ಬಿಡಲಿಲ್ಲ. ಕೊನೆಗೆ ಬಸ್ಸುಗಳು ಬದಲಾದವು. ದೆಹಲಿಯ ಗಾಳಿ ಇಂದಿಗೂ ಕೆಟ್ಟದ್ದೇ, ನಿಜ. ಆದರೆ ಕೋರ್ಟ್ ಖಚಿತವಾಗಿ ಹೇಳಿದ ಆ ಒಂದು ಕೆಲಸವಂತೂ ಆಯಿತು.

ನೆದರ್ಲೆಂಡ್ಸ್‌ನಲ್ಲೂ ಹೀಗೆಯೇ. ಉರ್ಗೆಂಡಾ ಸಂಸ್ಥೆ ಹೂಡಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಅಂತಿಮ ತೀರ್ಪು ಕೊಟ್ಟಿತು: ಹಸಿರುಮನೆ ಅನಿಲಗಳ ಪ್ರಮಾಣವನ್ನು 2020ರ ಕೊನೆಯೊಳಗೆ 1990ರ ಮಟ್ಟಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿಸಲೇಬೇಕು. ಹೇಗೆ ಇಳಿಸಬೇಕು ಎಂಬುದನ್ನು ಸರ್ಕಾರಕ್ಕೇ ಬಿಟ್ಟಿತು. ಕೋರ್ಟ್ ಆಡಳಿತ ನಡೆಸಲಿಲ್ಲ, ಲೆಕ್ಕ ಕೇಳಿತು.

ನಮ್ಮಲ್ಲಿ? 2024ರ ಮಾರ್ಚ್‌ನಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಎರ್ಲಡ್ಡು ಹಕ್ಕಿಗಳ ಉಳಿವಿನ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಾಗರಿಕರ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಮಾತೇ. ಆದರೆ ಯಾರು, ಎಷ್ಟು, ಯಾವಾಗಿನೊಳಗೆ ಇಳಿಸಬೇಕು ಎಂಬುದು ಅದರಲ್ಲಿಲ್ಲ. ಹವಾಮಾನಕ್ಕೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಉತ್ತರಾಖಂಡದ ಬಾಲಕಿ ರಿಧಿಮಾ ಪಾಂಡೆ 2017ರಲ್ಲಿ ಹೂಡಿದ ಅರ್ಜಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ವಜಾ ಮಾಡಿತ್ತು. ಪರಿಸರ ಅನುಮತಿ ನೀಡುವಾಗ ಹವಾಮಾನವನ್ನು ಗಮನಿಸುತ್ತಿಲ್ಲ ಎಂದು ಭಾವಿಸಲು ಕಾರಣವಿಲ್ಲ ಎಂಬುದು ಅದರ ನಿಲುವು. ಸರ್ಕಾರ ಮಾಡುತ್ತಿದೆ ಎಂದು ನಂಬಿಕೊಂಡರೆ ಕೇಳುವುದಕ್ಕೆ ಏನು ಉಳಿಯುತ್ತದೆ?

ಆದ್ದರಿಂದ ಇನ್ನು ಮುಂದಿನ ಅರ್ಜಿಗಳು ‘ಹವಾಮಾನ ಉಳಿಸಿ’ ಎಂದು ಬೇಡಿದರೆ ಸಾಲದು. ಯಾವ ಇಲಾಖೆ, ಯಾವ ಯೋಜನೆ, ಯಾವ ಅಂಕಿ, ಯಾವ ತಾರೀಖು ಎಂದು ಕೇಳಬೇಕು. ಇದರಲ್ಲಿ ಹೊರನಾಡ ಕನ್ನಡಿಗರಿಗೂ ಕೆಲಸವಿದೆ. ಕರ್ನಾಟಕದ ಪ್ರಕರಣಗಳನ್ನು ಕೇಳುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈನಲ್ಲಿ. ಅಲ್ಲಿ ವಕೀಲರಿದ್ದೀರಿ, ಎಂಜಿನಿಯರುಗಳಿದ್ದೀರಿ, ಅಂಕಿಅಂಶ ಬಲ್ಲವರಿದ್ದೀರಿ. ಊರಿನ ಕೆರೆಗಾಗಿ, ಕಾಡಿಗಾಗಿ ಅರ್ಜಿ ಹಿಡಿದು ಬರುವವರಿಗೆ ಲೆಕ್ಕ ಮಾಡಿಕೊಡಿ, ಕಡತ ಓದಿ ಹೇಳಿ. ಹಕ್ಕು ಈಗಾಗಲೇ ತೀರ್ಪಿನಲ್ಲಿದೆ. ಅದಕ್ಕೆ ತಾರೀಖು ಬರೆಸುವ ಕೆಲಸ ಬಾಕಿ.