ಬಲಪಂಥದ ಹಣೆಪಟ್ಟಿ ಮತ್ತು ಕಾರವಾರದ ಗೇಣಿ ಗದ್ದೆ

ಮಲ್ಲಿಕಾರ್ಜುನ ಖರ್ಗೆಯವರಿಗಿಂತ ಅರ್ಧ ಶತಮಾನಕ್ಕೂ ಮೊದಲೇ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೇರಿದ್ದ ಕನ್ನಡಿಗ ಎಸ್. ನಿಜಲಿಂಗಪ್ಪನವರು ರಾಷ್ಟ್ರ ರಾಜಕಾರಣದ ಚರಿತ್ರೆಯಲ್ಲಿ ಉಳಿದಿರುವುದು, 1969ರ ನವೆಂಬರ್ 12ರಂದು ಅಧಿಕಾರದಲ್ಲಿದ್ದ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದವರೆಂದು, ಮತ್ತು ಆ ಜಗಳದ ನಡುವೆ ಹಣೆಗೆ ಅಂಟಿದ ‘ಬಲಪಂಥೀಯ’ ಎಂಬ ಪಟ್ಟಿಯನ್ನು ಕಡೆಯವರೆಗೂ ಕಳಚಿಕೊಳ್ಳಲಾಗದವರೆಂದು. ಫ್ರಾನ್ಸಿನ ಕ್ರಾಂತಿಕಾಲದ ಸಭೆಯಲ್ಲಿ ಅರಸನ ಪರವಾದವರು ಅಧ್ಯಕ್ಷ ಪೀಠದ ಬಲಕ್ಕೆ ಕುಳಿತದ್ದರಿಂದ ಹುಟ್ಟಿದ ಈ ಪದ, ಭಾರತದ ಅರವತ್ತರ ದಶಕದಲ್ಲಿ ಆಸ್ತಿವಂತರ ಹಿತ ಕಾಯುವವರು, ಸರ್ಕಾರಿ ಉದ್ಯಮವನ್ನು ಅನುಮಾನದಿಂದ ನೋಡುವವರು ಎಂಬ ಅರ್ಥದಲ್ಲಿ ಬಳಕೆಯಾಗುತ್ತಿತ್ತು. ಆ ಅರ್ಥದಲ್ಲಿ ಪಟ್ಟಿ ಅವರಿಗೆ ಒಪ್ಪುತ್ತದೆಯೇ ಎಂಬುದನ್ನು ಅಳೆಯಲು 1969ರ ಆ ಜಗಳಕ್ಕಿಂತ, ಕಾರವಾರ ಮತ್ತು ಅಂಕೋಲಾದ ನಡುವೆ ಗುಡ್ಡ ಮತ್ತು ಕಡಲಿನ ಸಂದಿನಲ್ಲಿರುವ ಚೆಂಡಿಯಾದಂಥ ಊರುಗಳ ಗದ್ದೆಯೇ ಹೆಚ್ಚು ನಂಬಿಕೆಯ ಅಳತೆಗೋಲು.

1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿ, ಪುಣೆಯಲ್ಲಿ ಕಾನೂನು ಓದಿ, ಚಿತ್ರದುರ್ಗದಲ್ಲಿ ವಕೀಲಿಕೆ ಹೂಡಿದ ನಿಜಲಿಂಗಪ್ಪನವರು 1939ರ ಅರಣ್ಯ ಸತ್ಯಾಗ್ರಹದಲ್ಲಿ, ಎಂದರೆ ಸರ್ಕಾರಕ್ಕೆ ಸೇಂದಿಯ ಆದಾಯ ತರುತ್ತಿದ್ದ ಈಚಲ ಮರಗಳನ್ನು ಕಡಿಯುವ ತುರುವನೂರಿನ ಚಳವಳಿಯಲ್ಲಿ, ಸೆರೆಮನೆ ಕಂಡವರು. ಸಂವಿಧಾನ ಸಭೆಯ ಸದಸ್ಯರಾಗಿದ್ದ ಅವರು 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1958ರಲ್ಲಿ ಕುರ್ಚಿ ಬಿಟ್ಟು, 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯ ಉಪಚುನಾವಣೆಯ ದಾರಿಯಿಂದ ಮರಳಿ ಬಂದು, 1968ರವರೆಗೆ ರಾಜ್ಯವಾಳಿದರು. ಏಕೀಕರಣ ಅವರ ಜೀವನದ ದೊಡ್ಡ ಸಾಧನೆಯೆಂಬುದರಲ್ಲಿ ತಕರಾರಿಲ್ಲ, ಆದರೆ ಮುಂದೆ ಕಾಣುವಂತೆ ಕರಾವಳಿಯ ಗೇಣಿದಾರನ ಮಟ್ಟಿಗೆ ಆ ಸಾಧನೆಗೆ ಒಂದು ಬೆಲೆಯೂ ಇತ್ತು.

1968ರ ಹೈದರಾಬಾದ್ ಅಧಿವೇಶನದ ಹೊತ್ತಿಗೆ ಅವರು ಕಾಮರಾಜರ ಉತ್ತರಾಧಿಕಾರಿಯಾಗಿ ಪಕ್ಷದ ಅಧ್ಯಕ್ಷರಾದಾಗ, ಪ್ರಾಂತ್ಯಗಳ ಹಿರಿಯ ನಾಯಕರ ಕೂಟವನ್ನು ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದವು. 1969ರ ಏಪ್ರಿಲ್‌ನ ಫರೀದಾಬಾದ್ ಅಧಿವೇಶನದಲ್ಲಿ ಅವರು ಅಧ್ಯಕ್ಷ ಭಾಷಣದಲ್ಲಿ ಸರ್ಕಾರಿ ಉದ್ಯಮಗಳ ಅದಕ್ಷತೆಯನ್ನು ಟೀಕಿಸಿದರು, ಪ್ರಧಾನಿ ಅದೇ ವೇದಿಕೆಯಿಂದ ಖಂಡಿಸಿದರು, ಚಪ್ಪರಕ್ಕೂ ಬೆಂಕಿ ಬಿದ್ದಿತು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದ ಪಕ್ಷದ ಸಭೆಯ ವೇಳೆ ಅದರ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿದ್ದು ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿತ್ತು. ಇಂದಿರಾ ಗಾಂಧಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡು ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು.

ಪಟ್ಟಿಯ ಮೊದಲ ಪುರಾವೆಯೆಂದು ಸಾಮಾನ್ಯವಾಗಿ ಮುಂದಿಡುವ ಈ ಬ್ಯಾಂಕ್ ಪ್ರಕರಣ ವಾಸ್ತವದಲ್ಲಿ ದುರ್ಬಲವಾದದ್ದು, ಏಕೆಂದರೆ ಸಿಂಡಿಕೇಟ್ ನಾಯಕರು ರಾಷ್ಟ್ರೀಕರಣವನ್ನು ಬಹಿರಂಗವಾಗಿ ವಿರೋಧಿಸಲೇ ಇಲ್ಲ. ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರನು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಡುವ ಪದ್ಧತಿಯಿರುವುದರಿಂದ, ಸಿ.ಡಿ. ದೇಶಮುಖರನ್ನು ಬೆಂಬಲಿಸಿದ್ದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ದೊರಕಿಸಲು ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು ಮಾತಾಡಿದರು. ಲೆಕ್ಕದಲ್ಲಿ ಸರಿಯಾದ ಈ ನಡೆ ರಾಜಕೀಯವಾಗಿ ಆತ್ಮಘಾತಕವಾಯಿತು, ‘ಆತ್ಮಸಾಕ್ಷಿಯ ಮತ’ ಕೇಳಲು ಇಂದಿರಾ ಬಣಕ್ಕೆ ಬೇಕಾಗಿದ್ದ ನೆಪ ಸಿಕ್ಕಿತು, ಎರಡನೆಯ ಪ್ರಾಶಸ್ತ್ಯದ ಎಣಿಕೆಯಲ್ಲಿ ಆ ಬಣ ಬೆಂಬಲಿಸಿದ್ದ ವಿ.ವಿ. ಗಿರಿ ಗೆದ್ದರು. ಪಕ್ಷ ಒಡೆದ ಮೇಲೆ ಅವರ ಬಣವಾದ ಸಂಸ್ಥಾ ಕಾಂಗ್ರೆಸ್ 1971ರಲ್ಲಿ ಅದೇ ಜನಸಂಘ, ಸ್ವತಂತ್ರ ಪಕ್ಷಗಳ ಜೊತೆ ಮಹಾಮೈತ್ರಿಗೆ ಇಳಿದಾಗ, ಆರೋಪಕ್ಕೆ ಪುರಾವೆಯನ್ನು ಆರೋಪಿಯೇ ಒದಗಿಸಿದಂತಾಯಿತು, ಮತ್ತು ಮೈಸೂರು ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳೂ ಇಂದಿರಾ ಬಣಕ್ಕೆ ಹೋದವು.

ಇಷ್ಟಾದರೂ ಇದೆಲ್ಲ ಅಧಿಕಾರದ ಲೆಕ್ಕಾಚಾರವೇ ಹೊರತು ಆಸ್ತಿಯ ಪ್ರಶ್ನೆಯಲ್ಲ. ಆಸ್ತಿಯ ಪ್ರಶ್ನೆ ಎದುರಾದದ್ದು ಹನ್ನೆರಡು ವರ್ಷ ಹಿಂದೆ, ಅವರು ಮೊದಲ ಬಾರಿ ಮುಖ್ಯಮಂತ್ರಿಯಾಗಿದ್ದಾಗ. ಕಾರವಾರ, ಅಂಕೋಲಾಗಳಿರುವ ಉತ್ತರ ಕನ್ನಡ ಜಿಲ್ಲೆ ಏಕೀಕರಣದವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಲ್ಲಿನ ಗದ್ದೆಗಳಲ್ಲಿ ಎರಡು ಬಗೆಯ ಗೇಣಿ ನಡೆಯುತ್ತಿತ್ತು: ನಿಗದಿಯಾದ ಗೇಣಿ ಕೊಟ್ಟು ವಂಶಪಾರಂಪರ್ಯವಾಗಿ ಉಳುವ ಮೂಲಗೇಣಿ, ಮತ್ತು ಒಡೆಯ ಬಿಡು ಎಂದ ದಿನ ಬಿಡಬೇಕಾದ ಚಾಲಗೇಣಿ. ಹಾಲಕ್ಕಿ ಒಕ್ಕಲಿಗರಂಥ ಸಮುದಾಯಗಳ ಬಹುಪಾಲು ಬದುಕು, ಸುಗ್ಗಿಯಾದೊಡನೆ ಕಣದಲ್ಲೇ ಭತ್ತ ಅಳೆದು ಕೊಡುವ ಈ ಎರಡನೆಯ ಗೇಣಿಯ ಮೇಲೆ ನಿಂತಿತ್ತು. ಮುಂಬಯಿ ಸರ್ಕಾರ ತನ್ನ 1948ರ ಗೇಣಿ ಕಾನೂನನ್ನು 1956ರಲ್ಲಿ ತಿದ್ದಿ, 1957ರ ಏಪ್ರಿಲ್ 1ನ್ನು ‘ಉಳುವವರ ದಿನ’ ಎಂದು ಗೊತ್ತುಮಾಡಿ, ಅಂದಿನಿಂದ ಗೇಣಿದಾರನು ತಾನು ಉಳುವ ಭೂಮಿಯನ್ನು ಕೊಂಡವನೆಂದೇ ಕಾನೂನು ಪರಿಗಣಿಸಬೇಕೆಂದು ವಿಧಿಸಿತು. ಆ ದಿನಕ್ಕೆ ಐದು ತಿಂಗಳು ಮೊದಲು ಉತ್ತರ ಕನ್ನಡ ಮೈಸೂರಿಗೆ ಸೇರಿತು.

ಸೇರಿದ ಮಾತ್ರಕ್ಕೆ ಹಳೆಯ ಕಾನೂನು ಸಾಯಲಿಲ್ಲ, ಅದನ್ನು ನಿಲ್ಲಿಸಲು ಸರ್ಕಾರವೇ ಕೈ ಹಾಕಬೇಕಾಯಿತು. 1957ರಲ್ಲಿ ನಿಜಲಿಂಗಪ್ಪನವರ ಸರ್ಕಾರ ಮುಂಬಯಿ ಕಾನೂನಿನ ಈ ವಿಧಿಗಳನ್ನು ಅಮಾನತಿನಲ್ಲಿಟ್ಟು, ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಭಾಗಗಳ ಐದು ತರದ ಕಾನೂನುಗಳನ್ನು ಒಂದಾಗಿಸುವ ಕೆಲಸವನ್ನು ಬಿ.ಡಿ. ಜತ್ತಿಯವರ ಸಮಿತಿಗೆ ವಹಿಸಿತು. ಕಾರಣ ಸುಳ್ಳಲ್ಲ: ಹೊಸ ರಾಜ್ಯದಲ್ಲಿ ಒಬ್ಬ ಗೇಣಿದಾರನಿಗೆ ಒಡೆತನ, ಪಕ್ಕದ ಜಿಲ್ಲೆಯವನಿಗೆ ಬರಿಗೈ ಎಂಬ ಸ್ಥಿತಿ ನಿಲ್ಲುವಂಥದ್ದಾಗಿರಲಿಲ್ಲ. ಆದರೆ ಸಮಾನತೆಯನ್ನು ಕೆಳಗಿದ್ದವನನ್ನು ಮೇಲೆತ್ತಿ ಸಾಧಿಸಬಹುದಿತ್ತು, ಆದದ್ದು ಮೇಲೇರಲಿದ್ದವನನ್ನು ಮೆಟ್ಟಿಲಲ್ಲೇ ನಿಲ್ಲಿಸಿದ್ದು. ಒಗ್ಗೂಡಿದ ಕಾನೂನು 1961ರಲ್ಲಿ ಅಂಗೀಕಾರವಾಗಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲೂ ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಒಡೆಯನಿಗೆ ಅವಕಾಶವಿತ್ತು. ನಿಜಲಿಂಗಪ್ಪನವರನ್ನು ಬಲಪಂಥೀಯರೆನ್ನುವುದಾದರೆ ಅದಕ್ಕೆ ಆಧಾರವಿರುವುದು ಇಲ್ಲಿ, ಈ ಎಂಟೂವರೆ ವರ್ಷದ ಕಾಯಿಸುವಿಕೆಯಲ್ಲಿ. ಅದು ಸಿದ್ಧಾಂತದ ಬಲಪಂಥವಲ್ಲ. ಮೊದಲು ರಾಜ್ಯ ಗಟ್ಟಿಯಾಗಲಿ, ಒಡೆಯರನ್ನು ಈಗಲೇ ಕೆಣಕುವುದು ಬೇಡ ಎಂಬ ವಕೀಲ ಬುದ್ಧಿಯ ಎಚ್ಚರಿಕೆ. ಅದೇ ಮುಖ್ಯಮಂತ್ರಿಯ ಕಾಲದಲ್ಲೇ 1966ರಲ್ಲಿ ನೆಲೆಯಿಲ್ಲದ ಟಿಬೆಟನ್ ನಿರಾಶ್ರಿತರಿಗೆ ಇದೇ ಜಿಲ್ಲೆಯ ಮುಂಡಗೋಡಿನಲ್ಲಿ ನೆಲ ಸಿಕ್ಕಿತೆಂಬುದನ್ನು ನೆನೆದರೆ, ಕೊರತೆ ಕರುಣೆಯದ್ದಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಕರಾವಳಿ ಈ ಕಾಯಿಸುವಿಕೆಗೆ ತನ್ನದೇ ರೀತಿಯಲ್ಲಿ ಪ್ರತಿಕ್ರಿಯಿಸಿತು. ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ವೀರೇಂದ್ರ ಪಾಟೀಲರೊಡನೆ ನಿಜಲಿಂಗಪ್ಪನವರ ‘ಲವ-ಕುಶ’ರೆಂದು ಹೆಸರಾಗಿದ್ದರೂ, 1967ರಲ್ಲಿ ಉತ್ತರ ಕನ್ನಡ ಲೋಕಸಭೆಗೆ ಕಳಿಸಿದ್ದು ಕಾಂಗ್ರೆಸ್ಸಿಗನನ್ನಲ್ಲ, ರೈತ ಚಳವಳಿ ಕಟ್ಟಿ ಬ್ರಿಟಿಷರಿಂದ ಗಡಿಪಾರಾಗಿದ್ದ ಅಂಕೋಲೆಯ ದಿನಕರ ದೇಸಾಯಿಯವರನ್ನು, ಪಕ್ಷೇತರರಾಗಿ. ಗೇಣಿಗೆ ಕೊನೆ ಹಾಡಿದ್ದು ನಿಜಲಿಂಗಪ್ಪನವರ ಸಂಪುಟದಲ್ಲೇ ಸಚಿವರಾಗಿದ್ದು ಇಂದಿರಾ ಬಣಕ್ಕೆ ಹೋದ ದೇವರಾಜ ಅರಸರ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರದ್ದಾಯಿತು, ಗೇಣಿದಾರ ನಮೂನೆ 7ರಲ್ಲಿ ‘ಡಿಕ್ಲರೇಶನ್’ ಕೊಟ್ಟು ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ, ವಕೀಲರಿಗೆ ಪ್ರವೇಶವಿಲ್ಲದ ಆ ಕೊಠಡಿಯಲ್ಲಿ, ತನ್ನ ಮಾತು ತಾನೇ ಹೇಳಬೇಕಾಯಿತು. ಚಾಲಗೇಣಿ ಹೆಚ್ಚಾಗಿ ಬಾಯಿಮಾತಿನದಾಗಿದ್ದ ಕಡೆ ಪಹಣಿಯೇ ಮುಖ್ಯ ಸಾಕ್ಷಿ: ಅದರ 12ನೇ ಕಾಲಂನಲ್ಲಿ ಉಳುವವನೆಂದು ಹೆಸರಿದ್ದವನಿಗೆ 9ನೇ ಕಾಲಂಗೆ, ಎಂದರೆ ಒಡೆಯನ ಸಾಲಿಗೆ, ದಾಟುವುದು ಸುಲಭವಾಗಿತ್ತು; 1957ರಿಂದ ಅಲ್ಲಿಯವರೆಗಿನ ಹದಿನೇಳು ವರ್ಷಗಳಲ್ಲಿ ಗದ್ದೆ ಬಿಟ್ಟುಕೊಟ್ಟವನಿಗೆ ಅರ್ಜಿಯಲ್ಲಿ ಬರೆಯಲು ಸರ್ವೆ ನಂಬರೇ ಇರಲಿಲ್ಲ.

ನಿಜಲಿಂಗಪ್ಪನವರು ರಾಜಕಾರಣದಿಂದ ಸರಿದು ಚಿತ್ರದುರ್ಗದಲ್ಲಿ ನೆಲೆಸಿ 2000ದ ಆಗಸ್ಟ್ 8ರಂದು ತೀರಿಕೊಂಡರು. ಅದಕ್ಕೂ ಮೊದಲೇ, 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಅರ್ಗಾದ ನೌಕಾನೆಲೆ ಯೋಜನೆಗೆ ಅಡಿಗಲ್ಲಿಟ್ಟಾಗ, ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಈ ಕಡಲಂಚಿನ ಊರುಗಳ ಭೂಮಿಗೆ ಪರಿಹಾರದ ಲೆಕ್ಕ ಶುರುವಾಯಿತು. ಅಧಿಕಾರಿಗಳು ಮೊದಲು ಬಿಚ್ಚಿದ ಕಾಗದ ಅದೇ ಪಹಣಿ, ಮೊದಲು ನೋಡಿದ ಕಾಲಂ ಒಂಬತ್ತನೆಯದು.