ವಾಹನದ ಹೊಳಪು, ಕೆಲಸಗಾರನ ಉಸಿರು

ಪಿಂಪರಿ, ಆಕುರ್ಡಿ, ಚಾಕಣಗಳ ಕಾರಖಾನೆಗಳಿಂದ ವಾಹನಗಳ ನಗರವೆನಿಸಿದ ಪುಣೆಯಲ್ಲಿ ಕಾರಿನ ಮೋಹ ಆಶ್ಚರ್ಯದ ಸಂಗತಿಯಲ್ಲ. ಈಚೆಗೆ ಆ ಮೋಹವು ಕಾರಿನ ಬಣ್ಣದ ಮೇಲೆ ನೆಲೆಗೊಂಡಿದೆ. ಸೆರಾಮಿಕ್ ಲೇಪ, ಪಾರದರ್ಶಕ ಪೊರೆ, ಯಂತ್ರದ ಪಾಲಿಶ್ ಎಂದು ಸಾವಿರಾರು ರೂಪಾಯಿ ವ್ಯಯಿಸುವ ಉತ್ಸಾಹಿಗಳು ಇಲ್ಲಿಯ ಕನ್ನಡಿಗರಲ್ಲಿಯೂ ಇದ್ದಾರೆ.

ಲೇಪದಿಂದ ಧೂಳು ಬೇಗ ಅಂಟದು, ನಿಜ. ಆದರೆ ‘9ಎಚ್’ ಎಂಬ ಕಾಠಿನ್ಯವು ಪೆನ್ಸಿಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಂಕಿಯೇ ಹೊರತು ವಜ್ರದ್ದಲ್ಲ. ಕಲ್ಲೇಟನ್ನು ಅದು ತಡೆಯಲಾರದು. ಬಣ್ಣದ ಮೇಲಿನ ಪಾರದರ್ಶಕ ಪದರವು ಸಾಮಾನ್ಯವಾಗಿ 40-50 ಮೈಕ್ರಾನ್, ಎಂದರೆ ತಲೆಗೂದಲಿನಷ್ಟೂ ದಪ್ಪವಿರದು. ಗೀರು ಅಳಿಸಲು ಯಂತ್ರದಿಂದ ಉಜ್ಜಿದಾಗಲೆಲ್ಲ ಸವೆಯುವುದು ಆ ಪದರವೇ. ಆದಾಯ ತೆರಿಗೆಯ ಲೆಕ್ಕದಲ್ಲಂತೂ ವ್ಯಾಪಾರಕ್ಕೆ ಬಳಸುವ ಕಾರಿಗೆ ಸವಕಳಿ ವರ್ಷಕ್ಕೆ ಶೇಕಡಾ 15. ಹೊಳೆದರೂ ಅಷ್ಟೇ, ಮಾಸಿದರೂ ಅಷ್ಟೇ!

ಹಣ ಅವರವರದು, ಹವ್ಯಾಸವೂ ಅವರವರದು. ಕೆಲಸಗಾರನ ಉಸಿರು ಮಾತ್ರ ಅವರದಲ್ಲ. ಪದರ ಸವೆದ ಮೇಲೆ ಮತ್ತೆ ಬಣ್ಣವೆರಚಿಸುವುದೊಂದೇ ದಾರಿ. ಹಾರ್ಡನರ್ ಬೆರೆಸಿ ಎರಚುವ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದರಿಂದ ಉಬ್ಬಸ ತಗಲುವುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಒಮ್ಮೆ ಶರೀರಕ್ಕೆ ಅದು ಸೇರದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೇ ಸಾಕು, ಉಬ್ಬಸ ಮರಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಶುದ್ಧ ಗಾಳಿ ಒದಗಿಸುವ ಮುಖವಾಡವೂ, ಕೆಟ್ಟ ಗಾಳಿಯನ್ನು ಹೊರಗೆಳೆಯುವ ಪ್ರತ್ಯೇಕ ಕೋಣೆಯೂ ಬೇಕು. ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯಿಸುವ ಒಡೆಯರು ಕೀಲಿಕೈ ಒಪ್ಪಿಸುವ ಮೊದಲು ಅವೆರಡನ್ನೂ ಕಣ್ಣಾರೆ ನೋಡಲಿ; ಇಲ್ಲವಾದರೆ ಬೇರೆ ಅಂಗಡಿ ಹುಡುಕಲಿ.