ಗುಣವಾದ ಹೃದಯ, ಕುಗ್ಗಿದ ಮನಸ್ಸು

ಹೃದಯಾಘಾತದಿಂದ ಪಾರಾಗಿ ಮಂಗಳೂರಿನ ಆಸ್ಪತ್ರೆಯಿಂದ ಕಾಸರಗೋಡಿನ ಮನೆಗೆ ಮರಳಿದವರನ್ನು ಕಂಡು ಬಂಧುಗಳು ‘ಗಂಡಾಂತರ ಕಳೆಯಿತು’ ಎಂದು ಸಮಾಧಾನಪಡುತ್ತಾರೆ. ಕೆಲವರಿಗೆ ಇನ್ನೊಂದು ಸಂಕಟ ಅಲ್ಲಿಂದಲೇ ಆರಂಭವಾಗುತ್ತದೆ. ಎದೆ ತುಸು ಚುಳ್ಳೆಂದರೂ ಭಯ, ರಾತ್ರಿ ನಿದ್ದೆಯಿಲ್ಲ, ಮೊಮ್ಮಕ್ಕಳ ಮಾತೂ ಬೇಡ, ಅಂಗಳಕ್ಕಿಳಿಯಲೂ ಹಿಂಜರಿಕೆ. ಮನೆಯವರು ಇದನ್ನು ಅಧೈರ್ಯವೆಂದೋ ಸೋಮಾರಿತನವೆಂದೋ ಭಾವಿಸುವುದುಂಟು.

ವೈದ್ಯಶಾಸ್ತ್ರ ಹಾಗೆನ್ನುವುದಿಲ್ಲ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಖಿನ್ನನಾದವನು ಮಾತ್ರೆ ತಪ್ಪಿಸುತ್ತಾನೆ, ನಡಿಗೆ ಬಿಡುತ್ತಾನೆ. ಹೃದಯಕ್ಕೆ ಮತ್ತೆ ಅಪಾಯ ಒದಗುತ್ತದೆ. ಆಪ್ತಸಮಾಲೋಚನೆ, ವೈದ್ಯರು ಒಪ್ಪಿದ ವ್ಯಾಯಾಮ, ಅಗತ್ಯವಿದ್ದರೆ ಔಷಧ, ಇವುಗಳಿಂದ ಪರಿಹಾರವಿದೆ. ಆದರೆ ಎದೆನೋವು ಮರುಕಳಿಸಿದರೆ ಬರಿಯ ಭಯವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಾನೂನೂ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೆಯ ಕಲಮು ಸರಕಾರಿ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. 21ನೆಯ ಕಲಮಿನಂತೆ ವಿಮಾ ಕಂಪೆನಿಗಳು ಮನೋರೋಗದ ಚಿಕಿತ್ಸೆಗೂ ದೇಹದ ರೋಗಕ್ಕಿರುವಂತೆಯೇ ವಿಮೆಯ ಅವಕಾಶ ಕಲ್ಪಿಸಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು.

ಗಡಿನಾಡಿನವರಿಗೆ ಈ ಕೊನೆಯ ಮಾತು ಸಣ್ಣದಲ್ಲ. ಎದೆಯ ನೋವನ್ನು ಕೈಯಿಟ್ಟು ತೋರಿಸಬಹುದು. ಮನದ ನೋವನ್ನು ಬಾಯಿಬಿಟ್ಟು ಹೇಳಬೇಕು, ಅದಕ್ಕೆ ತಾಯ್ನುಡಿಯೇ ಬೇಕು. ಮುಂದಿನ ತಪಾಸಣೆಗೆ ಹೋಗುವಾಗ ಅಜ್ಜನ ನಿದ್ದೆ, ಊಟ, ಮೌನಗಳನ್ನೂ ಮನೆಯವರು ವೈದ್ಯರಿಗೆ ತಿಳಿಸಲಿ.